ಮೇಸ್ತ್ರಿಯ ಪುಸ್ತಕ

ಚಿ. ರಘುವಿಗೆ,

ಸಕಲೇಶಪುರದ ಕಡೆ ಅರೇಬಿಕಾ ಕಾಫಿ ಕುಯ್ಲು ಶುರುವಾಗಿದೆ. ಯಾರ ಮನೆಗೆ ಹೋದರೂ ಒಂದೇ ಮಾತು, ಆಳು ಸಿಗುತ್ತಿಲ್ಲ. ತೋಟದ ಆಳುಗಳ ಲೈನ್ ಮನೆಗಳಲ್ಲಿ ಈಗ ಅಸ್ಸಾಮಿನಿಂದ ಬಂದ ಸಂಸಾರಗಳು. ಅದೇ ಹೊತ್ತಿಗೆ ಅಮೆರಿಕದ ಇಂಡಿಯಾನಾದಿಂದ ನಿನ್ನ ಪತ್ರ. ಮೋಲ್ಡಿಂಗ್ ಮೆಷಿನ್ನಿನ ಮುಂದೆ ನಿಲ್ಲಲು, ಪ್ಯಾಕಿಂಗ್ ಮಾಡಲು ಜನವಿಲ್ಲ, ಹೊರದೇಶದವರನ್ನು ಸ್ಪಾನ್ಸರ್ ಮಾಡಲು ಕಂಪನಿ ತೀರ್ಮಾನಿಸಿದೆ, ಕಾಗದಗಳಿಗೆಲ್ಲ ನಿನ್ನ ಸಹಿ. "ನಮ್ಮ ಹಾಸನದ ಹುಡುಗರಿಗೂ ಒಂದು ದಾರಿ ಆಗುತ್ತೆ ಅಲ್ವಾ ಅತ್ತೆ?" ಎಂದು ಕೇಳಿದ್ದೀಯ. ಅದೇ ರಾಜ್ಯದ ಒಂದು ಕಾರ್ಖಾನೆಯ ಸಿಬ್ಬಂದಿ ವಿಭಾಗದಲ್ಲಿ ಹದಿನಾರು ವರ್ಷ ಇದ್ದವಳು ನಾನು. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿನ್ನಂಥ ಕುರ್ಚಿಯಲ್ಲಿ ಕೂತ ನಮ್ಮ ಮಕ್ಕಳು ಆ ದೇಶದಲ್ಲಿ ಇನ್ನೂ ಇದ್ದಾರಲ್ಲ, ಅವರೂ ಓದಲಿ ಎಂದು ಪತ್ರಿಕೆಗೆ ಕೊಡುತ್ತಿದ್ದೇನೆ.

ಮೊದಲು ಹಾಸನದ ಹುಡುಗರ ಮಾತು. ಎರಡು ವರ್ಷಕ್ಕಿಂತ ಕಡಿಮೆ ತರಬೇತಿ ಸಾಕಾಗುವ ಕೆಲಸಕ್ಕೆ ಗ್ರೀನ್ ಕಾರ್ಡ್ ಸಿಗುವುದು ಇಬಿ-3 ಎಂಬ ಉದ್ಯೋಗಾಧಾರಿತ ವರ್ಗದೊಳಗಿನ 'ಇತರ ಕೆಲಸಗಾರರು' ಎಂಬ ವಿಭಾಗದಲ್ಲಿ. 1990ರ ಕಾನೂನು ಅದಕ್ಕೆ ಇಟ್ಟ ಮಿತಿ ವರ್ಷಕ್ಕೆ 10,000. ಇಡೀ ಲೋಕಕ್ಕೆ ಅಷ್ಟೇ, ಹೆಂಡತಿ ಮಕ್ಕಳೂ ಅದರ ಲೆಕ್ಕದಲ್ಲೇ. 1997ರ ಇನ್ನೊಂದು ಕಾನೂನಿಗಾಗಿ ಅದರಲ್ಲೂ ಕಡಿತವಾಗುತ್ತ ಬಂದಿದೆ. ಅದರ ಮೇಲೆ ಹುಟ್ಟಿದ ದೇಶ ನೋಡಿ ಹಾಕುವ ಶೇ 7ರ ಮಿತಿ ಬೇರೆ. ಹೀಗಾಗಿ ಭಾರತದಲ್ಲಿ ಹುಟ್ಟಿದವರ ಸರದಿ ಹತ್ತು ವರ್ಷಕ್ಕೂ ಹಿಂದೆ ಉಳಿದಿದೆ. ಇವತ್ತು ಅರ್ಜಿ ಹಾಕಿದವನ ಎಂಟು ವರ್ಷದ ಮಗಳು, ಅವನಿಗೆ ಕರೆ ಬರುವಷ್ಟರಲ್ಲಿ ಕಾಲೇಜು ಮುಗಿಸಿರುತ್ತಾಳೆ. 21 ದಾಟಿದ ಮಕ್ಕಳಿಗೆ ಸಾಮಾನ್ಯವಾಗಿ ಅಪ್ಪನ ಅರ್ಜಿಯಲ್ಲಿ ಜಾಗವಿಲ್ಲ. ಅಷ್ಟು ವರ್ಷ ಕಳೆದ ಮೇಲೆ ನಿಮ್ಮ ಕಂಪನಿಯಲ್ಲಿ ಆ ಕೆಲಸವೂ ಉಳಿದಿರಬೇಕು. ನಮ್ಮೂರ ಹುಡುಗರಿಗೆ ಆಸೆ ಹಚ್ಚಬೇಡ ಮಗನೇ. ಯಾವ ಏಜೆಂಟನಾದರೂ ಅವರಿಗೆ 'ಎರಡು ವರ್ಷದಲ್ಲಿ ಅಮೆರಿಕ' ಎಂದರೆ ಅದು ಸುಳ್ಳು ಎಂದು ನೀನೇ ಹೇಳು.

ಬೇರೆ ಎಷ್ಟೋ ದೇಶದವರಿಗೆ ಕಾಯುವ ಕಾಲ ಇದಕ್ಕಿಂತ ಕಡಿಮೆ. ನೀನು ಕರೆಸುವವರು ಅಲ್ಲಿಂದ ಬರುತ್ತಾರೆ. ಅದಕ್ಕೂ ಮೊದಲು ಲೇಬರ್ ಸರ್ಟಿಫಿಕೇಶನ್ ಎಂಬ ಒಂದು ಹಂತವಿದೆ. ಕಾರ್ಮಿಕ ಇಲಾಖೆ ಆ ಊರಿನ ಚಾಲ್ತಿ ಕೂಲಿ ಎಷ್ಟೆಂದು ಗೊತ್ತುಮಾಡುತ್ತದೆ. ಎರಡು ಭಾನುವಾರ ಪತ್ರಿಕೆಯಲ್ಲಿ ಜಾಹೀರಾತು, ರಾಜ್ಯದ ಉದ್ಯೋಗ ಕಚೇರಿಯಲ್ಲಿ 30 ದಿನದ ಪ್ರಕಟಣೆ, ಕಾರ್ಖಾನೆಯ ಗೋಡೆಗೆ 10 ಕೆಲಸದ ದಿನ ನೋಟೀಸು. ಸ್ಥಳೀಯರಲ್ಲಿ ಅರ್ಹರು ಯಾರೂ ಸಿಗಲಿಲ್ಲ ಎಂದಾದರೆ ಮಾತ್ರ ಮುಂದಿನ ಅರ್ಜಿ. ಇದನ್ನು ಶಾಸ್ತ್ರಕ್ಕೆ ಮಾಡಿ ಮುಗಿಸುವವರನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಬಂದ ಅರ್ಜಿಗಳನ್ನು ತೆಗೆದುಹಾಕಲಿಕ್ಕೆಂದೇ ಓದುತ್ತಾರೆ. ನೀನು ಹಾಗೆ ಓದಬೇಡ. ನಿಮ್ಮಲ್ಲಿ ರಾತ್ರಿ ಪಾಳಿ ಬಿಟ್ಟು ಹೋದವರನ್ನು ಕರೆದು ಕೇಳು, ಯಾಕೆ ಬಿಟ್ಟಿರಿ ಎಂದು. ನಮ್ಮಲ್ಲಿ ಕೇಳಿದಾಗ ಅರ್ಧದಷ್ಟು ಹೆಂಗಸರು ಒಂದೇ ಉತ್ತರ ಕೊಟ್ಟರು: ಪಾಳಿ ಶುರುವಾಗುವ ಹೊತ್ತಿಗೆ ಮಗುವನ್ನು ನೋಡಿಕೊಳ್ಳುವವರಿಲ್ಲ. ಪಾಳಿಯ ಹೊತ್ತು ಒಂದು ಗಂಟೆ ಸರಿಸಿದ ಮೇಲೆ ಒಂಬತ್ತು ಜನ ಮರಳಿ ಬಂದರು. ಆ ಒಂಬತ್ತು ಕೆಲಸಕ್ಕೆ ಯಾರನ್ನೂ ಸಮುದ್ರ ದಾಟಿಸಬೇಕಾಗಲಿಲ್ಲ.

ಇನ್ನು ದುಡ್ಡಿನ ಮಾತು. ನಾನು ಪತ್ರ ಬರೆಯಲು ಕೂತದ್ದೇ ಇದಕ್ಕೆ.

ನಿನ್ನ ತಾತ, ಅಂದರೆ ನನ್ನ ಅಪ್ಪ, ಕಾಫಿ ತೋಟದಲ್ಲಿ ರೈಟರ್ ಆಗಿದ್ದರು. ಅವರ ಮೇಜಿನ ಮೇಲೆ ಚೆಕ್‌ರೋಲ್ ಇರುತ್ತಿತ್ತು, ಯಾರು ಎಷ್ಟು ದಿನ ಬಂದರು ಎಂದು. ಮೇಸ್ತ್ರಿಯ ಬಗಲಲ್ಲಿ ಇನ್ನೊಂದು ಪುಸ್ತಕ. ಬಯಲುಸೀಮೆಯಿಂದ ಆಳು ಕರೆತರುವಾಗ ಕೊಟ್ಟ ಮುಂಗಡ ಅದರಲ್ಲಿ ಹೆಸರು ಹೆಸರಿಗೆ ಬರೆದಿರುತ್ತಿತ್ತು. ಶನಿವಾರದ ಬಟವಾಡೆಯಲ್ಲಿ ಅಪ್ಪ ಕೈಗೆ ಕೊಟ್ಟ ಕೂಲಿ, ಅಂಗಳ ದಾಟುವುದರೊಳಗೆ ಆ ಪುಸ್ತಕಕ್ಕೆ ಜಮಾ ಆಗುತ್ತಿತ್ತು. ಪುಸ್ತಕ ತೀರುವ ತನಕ ಸಂಸಾರ ತೋಟ ಬಿಡುವಂತಿರಲಿಲ್ಲ. 1976ರಲ್ಲಿ ಜೀತ ರದ್ದತಿಯ ಕಾನೂನು ಬಂತು. "ನನ್ನ ಲೆಕ್ಕ ಸರಿಯಾಗೇ ಇದೆ, ಮೇಸ್ತ್ರಿಯ ಲೆಕ್ಕ ನನಗೆ ಸೇರಿದ್ದಲ್ಲ" ಎಂದು ಅಪ್ಪ ಅನ್ನುತ್ತಿದ್ದರು. ಹಾಗೆ ಅನ್ನುವಾಗ ಅವರು ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಇಂಡಿಯಾನಾದಲ್ಲಿ ಅದೇ ಮಾತು ನನ್ನ ಬಾಯಲ್ಲೂ ಬಂತು. ನಾವು ಫಿಲಿಪೀನ್ಸಿನಿಂದ ಕರೆಸಿದ್ದ ಒಬ್ಬ ಹೆಣ್ಣುಮಗಳು ಊಟದ ಹೊತ್ತಿನಲ್ಲಿ ಬರೀ ಅನ್ನ ಉಪ್ಪು ತಿನ್ನುತ್ತಿದ್ದಳು. ವಿಚಾರಿಸಿದರೆ, ಊರಲ್ಲಿ ಏಜೆಂಟನಿಗೆ ಕೊಡಲು ಗದ್ದೆ ಅಡವಿಟ್ಟಿದ್ದಾಳೆ, ಸಂಬಳದ ಮುಕ್ಕಾಲು ಭಾಗ ಬಡ್ಡಿಗೆ ಹೋಗುತ್ತಿದೆ. ನನ್ನ ಫೈಲಿನಲ್ಲಿ ಎಲ್ಲ ಸರಿಯಾಗಿತ್ತು. ಅವಳ ಅರ್ಜಿಯ ಮೇಲೆ ಇದ್ದದ್ದು ನನ್ನದೇ ಸಹಿ. ವಿಷಯವನ್ನು ಮೇಲಿನವರ ಮುಂದೆ ಇಟ್ಟೆ. ಹಣ ವಾಪಸ್ ಕೊಡಿಸಲು ಹನ್ನೊಂದು ತಿಂಗಳು ಹಿಡಿಯಿತು, ಅದೂ ಪೂರ್ತಿ ಬರಲಿಲ್ಲ.

ಲೇಬರ್ ಸರ್ಟಿಫಿಕೇಶನ್‌ಗೆ ತಗಲುವ ವಕೀಲರ ಶುಲ್ಕವನ್ನಾಗಲಿ ಜಾಹೀರಾತಿನ ಖರ್ಚನ್ನಾಗಲಿ ಕೆಲಸಗಾರರಿಂದ ವಸೂಲು ಮಾಡುವಂತಿಲ್ಲ, ಆಮೇಲೆ ಸಂಬಳದಲ್ಲಿ ಮುರಿಯುವಂತೆಯೂ ಇಲ್ಲ ಎಂಬ ನಿಯಮ ಅಮೆರಿಕದಲ್ಲಿ 2007ರಿಂದ ಇದೆ. ಆದರೆ ಸಾವಿರಾರು ಮೈಲಿ ಆಚೆ ಒಂದು ಹಳ್ಳಿಯಲ್ಲಿ ಏಜೆಂಟ್ ಕೈಚಾಚಿದ್ದು ಅಲ್ಲಿನ ಕಾರ್ಮಿಕ ಇಲಾಖೆಗೆ ಹೇಗೆ ಕಾಣಬೇಕು? ನೀನು ಹುಡುಕಿದರೆ ಕಾಣುತ್ತದೆ. ಏಜೆಂಟನ ಜೊತೆಗಿನ ಕರಾರಿನಲ್ಲೇ ಬರೆಸು: ಕೆಲಸಗಾರರಿಂದ ಒಂದು ಪೈಸೆ ತೆಗೆದುಕೊಂಡರೂ ಅವನೇ ಹಿಂತಿರುಗಿಸಬೇಕು, ಅವನು ಕೊಡದಿದ್ದರೆ ಕಂಪನಿ ಕೊಡಬೇಕು. ವಿಮಾನದ ಟಿಕೆಟ್ಟೂ ಕಂಪನಿಯದೇ ಇರಲಿ. ಖರ್ಚು ಹೆಚ್ಚಾಯಿತು ಎಂದು ಮ್ಯಾನೇಜರ್ ಗೊಣಗಿದರೆ, ಒಂದು ಮೆಷಿನ್ ತರಿಸುವಾಗ ಸಾಗಣೆ ಖರ್ಚು ಮೆಷಿನ್ನಿನ ಹತ್ತಿರ ಕೇಳುತ್ತೀರಾ ಎಂದು ಕೇಳು.

ಎರಡು ವರ್ಷ ಬಿಟ್ಟು ಹೋಗುವಂತಿಲ್ಲ, ಹೋದರೆ ದಂಡ ಎಂಬ ಬಾಂಡ್ ಬರೆಸಿಕೊಳ್ಳೋಣ ಎಂದೂ ಯಾರಾದರೂ ಹೇಳಿಯೇ ಹೇಳುತ್ತಾರೆ. ಅದಕ್ಕೆ ಒಪ್ಪಬೇಡ. ಗ್ರೀನ್ ಕಾರ್ಡ್ ಹಿಡಿದು ಬಂದವರು ಪ್ರಾಮಾಣಿಕವಾಗಿ ಕೆಲಸಕ್ಕೆ ಸೇರಬೇಕು, ಅದು ಸರಿ. ಆಮೇಲೆ ಒಳ್ಳೆಯ ಸಂಬಳ ಕಂಡು ಪಕ್ಕದ ಕಾರ್ಖಾನೆಗೆ ಹೋಗುವ ಸ್ವಾತಂತ್ರ್ಯ ನಿನಗಿರುವಷ್ಟೇ ಅವರಿಗೂ ಇದೆ. ಅವರು ಉಳಿಯಬೇಕಾದರೆ ಆ ಸಂಬಳವನ್ನು ನೀವೇ ಕೊಡಿ.

ಬಂದವರನ್ನು ಮೊದಲ ವಾರದಲ್ಲೇ ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು, ಏಜೆಂಟನ ಕಡೆಯವರು ಯಾರೂ ಇಲ್ಲದೆ, ಅವರದೇ ಭಾಷೆ ಬಲ್ಲವರನ್ನು ಪಕ್ಕದಲ್ಲಿಟ್ಟುಕೊಂಡು ಕೇಳು: ಇಲ್ಲಿಗೆ ಬರಲು ಯಾರಿಗೆ ಎಷ್ಟು ಕೊಟ್ಟಿರಿ? ಮೊದಲ ಸಲ ಎಲ್ಲರೂ 'ಏನೂ ಇಲ್ಲ' ಅನ್ನುತ್ತಾರೆ, ಹಾಗೆ ಹೇಳಲು ಅವರಿಗೆ ಕಲಿಸಿರುತ್ತಾರೆ. ತಿಂಗಳು ಬಿಟ್ಟು ಮತ್ತೆ ಕೇಳು. ಆ ಹೆಣ್ಣುಮಗಳು ನನಗೆ ಹೇಳಿದ್ದು ಮೂರನೇ ಸಲ ಕೇಳಿದಾಗ.

ಇಂತಿ ನಿನ್ನ ಅತ್ತೆ