ಎರಡೇ ಸುತ್ತು ಪುಕ್ಕ: ಫ್ಲೈ ಕಟ್ಟುವವರಿಗೆ ಕೆಲವು ಸೂತ್ರಗಳು

ಗಾಳಕ್ಕೆ ಎರೆಹುಳ ಸಿಕ್ಕಿಸುವುದನ್ನು ನಮ್ಮ ಕಡೆಯ ಮಲ್ಲಟ ಊರಿನ ಹುಡುಗರಿಗೆ ಯಾರೂ ಹೇಳಿಕೊಡಬೇಕಿಲ್ಲ. ಹುಳವೇ ಇಲ್ಲದೆ, ಒಂದು ಪುಕ್ಕ ಮತ್ತು ಒಂದು ಮೊಳ ರೇಷ್ಮೆಯಿಂದ ಮೀನನ್ನು ನಂಬಿಸುವುದು ಬೇರೆಯೇ ವಿದ್ಯೆ. ಇಂಗ್ಲೆಂಡಿನ ಯಾರ್ಕ್‌ಷೈರ್ ಹೊಳೆಗಳಲ್ಲಿ ಬೆಳೆದ, ಕೊಕ್ಕೆಗೆ ಪುಕ್ಕ ಕಟ್ಟಿ ಹುಳದಂತೆ ಮಾಡುವ ಈ ಮುಳುಗು ಫ್ಲೈಗೆ ‘ಸಾಫ್ಟ್ ಹ್ಯಾಕಲ್’ ಎನ್ನುತ್ತಾರೆ. ಗಾಳದ ಬೇಟೆಯೇನೋ ನಮ್ಮ ಕಡೆಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲೇ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದಕ್ಕೆಂದು ಒಂದು ಭಾಗ ಮೀಸಲಿಟ್ಟಿದ್ದಾನೆ.

1. ಗೌಜಲಹಕ್ಕಿಯ ತಂಟೆಗೆ ಹೋಗಬೇಡಿ. ಟಿ.ಇ. ಪ್ರಿಟ್ 1885ರಲ್ಲಿ ತಂದ ಯಾರ್ಕ್‌ಷೈರ್ ಫ್ಲೈಗಳ ಪುಸ್ತಕ ತೆರೆದರೆ ಪಾರ್ಟ್ರಿಜ್, ಸ್ನೈಪ್, ವುಡ್‌ಕಾಕ್ ಎಂದು ಬೇಟೆಹಕ್ಕಿಗಳ ಸಾಲೇ ಕಾಣುತ್ತದೆ. ಪಾರ್ಟ್ರಿಜ್ ಎಂದರೆ ನಮ್ಮ ಗೌಜಲಹಕ್ಕಿಯ ದೂರದ ನೆಂಟ. ಹೊಲದ ಬದುವಿನಲ್ಲಿ ಅದು ಕೂಗಿದ ಕೂಡಲೇ ಕೈ ತುರಿಸಬಹುದು. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಗೌಜಲ, ಕಾಡು ಪುರಲೆ, ಕಾಡುಕೋಳಿ, ಮೊಲ ಎಲ್ಲಕ್ಕೂ ರಕ್ಷಣೆ ಕೊಟ್ಟಿದೆ. ಬಿದ್ದ ಪುಕ್ಕವನ್ನೂ ಆಯದಿರುವುದೇ ಲೇಸು. ತಾನಾಗಿ ಉದುರಿದ ನವಿಲಿನ ಬಾಲದ ಗರಿಗೆ ಮಾತ್ರ ಕಾಯ್ದೆ ವಿನಾಯಿತಿ ಕೊಡುತ್ತದೆ. ಒಂದು ಗರಿಯ ಎಳೆಗಳು ನೂರಾರು ಫ್ಲೈಗೆ ಸಾಕು.

2. ಹುಂಜ ಬಿಡಿ, ಹೇಂಟೆ ಹಿಡಿಯಿರಿ. ಹುಂಜದ ಕತ್ತಿನ ಪುಕ್ಕ ಬಿರುಸು, ನೀರಿನ ಮೇಲೆ ತೇಲುವ ಫ್ಲೈಗೆ ಸರಿ. ಮುಳುಗುವ ಫ್ಲೈಗೆ ನಾಟಿ ಹೇಂಟೆಯ ಕತ್ತು, ಬೆನ್ನಿನ ಮೆತ್ತನೆ ಪುಕ್ಕವೇ ಬೇಕು. ಮಂದ ಹರಿವಿನಲ್ಲೂ ಅದರ ಎಳೆಗಳು ಮುದುಡುತ್ತ ಬಿಚ್ಚುತ್ತ ಹುಳದ ಕಾಲಿನಂತೆ ಆಡುತ್ತವೆ. ಕಂದು ಗೆರೆಯ ಪುಕ್ಕ ಬೇಕೆನ್ನುವವರಿಗೆ ಫಾರಂನಲ್ಲಿ ಸಾಕಿದ ಜಪಾನಿ ಕ್ವೇಲ್ ಇದೆ. ಕರಿಯ ಮೇಲೆ ಬಿಳಿ ಚುಕ್ಕೆ ಬೇಕೆಂದರೆ ಗಿನಿ ಕೋಳಿ. ಕೋಳಿ ಅಂಗಡಿಯಲ್ಲಿ ಕೇಳಿದರೆ ಪುಕ್ಕಟೆ ಸಿಗುತ್ತದೆ. ಸೋಪಿನ ನೀರಲ್ಲಿ ತೊಳೆದು, ಒಣಗಿಸಿ, ನುಸಿಗುಳಿಗೆಯ ಜೊತೆ ಡಬ್ಬಿಗೆ ಹಾಕಿ.

3. ಎಳೆಯ ಉದ್ದ ಕೊಕ್ಕೆಯ ಬಾಗಿನವರೆಗೆ. ಅದಕ್ಕಿಂತ ತುಸು ಹೆಚ್ಚಾದರೆ ನಡೆಯುತ್ತದೆ, ದುಪ್ಪಟ್ಟಾದರೆ ಮೀನು ಪುಕ್ಕದ ತುದಿ ಕಚ್ಚಿ ಬಿಟ್ಟುಬಿಡುತ್ತದೆ. ಕಲಿಯುವವರಿಗೆ 12ನೇ ನಂಬರಿನ ಕೊಕ್ಕೆ ಸಾಕು. ನಂಬರು ಏರಿದಷ್ಟೂ ಕೊಕ್ಕೆ ಸಣ್ಣದು, ನೆನಪಿರಲಿ.

4. ರೇಷ್ಮೆಯನ್ನು ಸುಟ್ಟು ನೋಡಿ. ಸೀರೆ ಕುಚ್ಚಿಗೆಂದು ‘ಸಿಲ್ಕ್ ಥ್ರೆಡ್’ ಹೆಸರಲ್ಲಿ ಮಾರುವುದರಲ್ಲಿ ಹೆಚ್ಚಿನದು ರೇಯಾನ್. ಒಂದು ಎಳೆಗೆ ಕಡ್ಡಿ ಗೀರಿ: ಕೂದಲು ಸುಟ್ಟ ವಾಸನೆ ಬಂದರೆ ರೇಷ್ಮೆ, ಕಾಗದ ಸುಟ್ಟ ವಾಸನೆ ಬಂದರೆ ಅಲ್ಲ. ಇನ್ನೊಂದು, ರೇಷ್ಮೆ ನೆನೆದರೆ ಬಣ್ಣ ಗಾಢವಾಗುತ್ತದೆ. ಅಂಗಡಿಯಲ್ಲಿ ಕಣ್ಣು ಕುಕ್ಕುವ ಕಿತ್ತಳೆ ನೀರಲ್ಲಿ ಇಟ್ಟಿಗೆ ಬಣ್ಣಕ್ಕೆ ಇಳಿಯುತ್ತದೆ. ಹಾಗಾಗಿ ಕೊಳ್ಳುವ ಮುನ್ನ ಎಳೆಯನ್ನು ಒದ್ದೆ ಮಾಡಿ ನೋಡಿ. ಸುತ್ತುವ ಮುನ್ನ ಜೇನುಮೇಣ ಸವರಿದರೆ ಜಾರುವುದಿಲ್ಲ.

5. ಎರಡೇ ಸುತ್ತು. ಕಲಿಯುವವರೆಲ್ಲ ಎಡವುವುದು ಇಲ್ಲೇ. ಕೊಕ್ಕೆಯ ಕಣ್ಣಿನ ಹಿಂದೆ ರೇಷ್ಮೆಯನ್ನು ನಾಲ್ಕು ಸುತ್ತು ಸುತ್ತಿ. ಪುಕ್ಕದ ಬುಡದ ನವಿರನ್ನು ಕಿತ್ತು ಕಡ್ಡಿಯನ್ನು ಅಲ್ಲೇ ಕಟ್ಟಿ. ಹೊಳೆಯುವ ಮುಖ ಕಣ್ಣಿನ ಕಡೆಗಿರಲಿ. ರೇಷ್ಮೆಯನ್ನು ಒತ್ತೊತ್ತಾಗಿ ಹಿಂದಕ್ಕೆ ಸುತ್ತುತ್ತ ಹೋಗಿ, ಕೊಕ್ಕೆಯ ಮೊನೆಯ ನೇರಕ್ಕೆ ಬಂದ ಕೂಡಲೇ ತಿರುಗಿ. ಅದೇ ಮೈ ಆಯಿತು. ಮುಂದಕ್ಕೆ ಬಂದ ರೇಷ್ಮೆಯನ್ನು ಪುಕ್ಕದ ಹತ್ತಿರ ನಿಲ್ಲಿಸಿ, ಪುಕ್ಕವನ್ನು ಅದರ ಕಡೆಗೆ ಎರಡು ಸುತ್ತು ತನ್ನಿ. ತುದಿಯನ್ನು ರೇಷ್ಮೆಯಿಂದ ಬಿಗಿದು, ಅದೇ ರೇಷ್ಮೆಯನ್ನು ಎಳೆಗಳ ನಡುವೆ ತೂರಿಸುತ್ತ ಕಣ್ಣಿಗೆ ಒಯ್ದು ಗಂಟು ಹಾಕಿ. ಮೂರನೇ ಸುತ್ತಿಗೆ ಕೈ ಹೋಗುತ್ತದೆ, ತಡೆಯಿರಿ. ದಟ್ಟ ಪುಕ್ಕ ಆಡುವುದಿಲ್ಲ. ಎರಡು ಸುತ್ತೂ ದಪ್ಪವೆನಿಸಿದರೆ ಮುಂದಿನ ಸಲ ಪುಕ್ಕದ ಒಂದು ಬದಿಯ ಎಳೆಗಳನ್ನು ಕಿತ್ತೇ ಕಟ್ಟಿ.

6. ಕಂಬಳಿಯಂಚಿನ ಒಂದು ಚಿಟಿಕೆ ಉಣ್ಣೆ. ಪುಕ್ಕ ಮೈಗೆ ಅಂಟಿಕೊಳ್ಳದಂತೆ, ಅದನ್ನು ಸುತ್ತುವ ಮುನ್ನ, ಅದರ ಹಿಂದೆ ಒಂದು ಉಬ್ಬು ಬೇಕು. ಪಾಶ್ಚಾತ್ಯರು ಮೊಲದ ರೋಮ ಹಚ್ಚುತ್ತಾರೆ. ನಮಗೆ ದಖನಿ ಕುರಿಯ ಕರಿ ಉಣ್ಣೆ ಇದೆ, ಒರಟಾಗಿರುವುದೇ ಇಲ್ಲಿ ಗುಣ. ನವಿಲುಗರಿಯ ಒಂದೆರಡು ಎಳೆ ಸುತ್ತಿದರೂ ಆಯಿತು.

7. ಮಹಶೀರ್ ಎಂಬ ದೊಡ್ಡ ಮೀನಿನ ಗುಂಗು ಬೇಡ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಎಚ್.ಎಸ್. ಥಾಮಸ್ ಬರೆದು, 1873ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ‘ದಿ ರಾಡ್ ಇನ್ ಇಂಡಿಯಾ’ ಓದಿದವರಿಗೆಲ್ಲ ಆ ಗುಂಗು ಹಿಡಿಯುತ್ತದೆ. ಈ ಫ್ಲೈ ಸಣ್ಣ ಮೀನಿಗೆ. ಜಿಲೇಬಿಯೋ, ಬೆರಳುದ್ದದ ಬೆಳ್ಳಿ ಮೀನೋ ಬಿದ್ದರೆ ಖುಷಿಪಡಿ.

8. ಮಳೆಗಾಲದ ಕೆಂಪು ನೀರಿನಲ್ಲಿ ದಾರ ಬಿಚ್ಚಬೇಡಿ, ಮೀನಿಗೆ ಫ್ಲೈ ಕಾಣುವುದೇ ಇಲ್ಲ. ದೀಪಾವಳಿ ಕಳೆದು ತುಂಗಭದ್ರೆ ತಿಳಿಯಾಗಲಿ. ಹರಿವಿಗೆ ಅಡ್ಡಲಾಗಿ, ತುಸು ಕೆಳಕ್ಕೆ ಎಸೆಯಿರಿ. ದಾರ ಬಿಗಿಯಾಗಿ ಫ್ಲೈ ಬಾಗಿ ದಡದ ಕಡೆ ಬರುವವರೆಗೂ ಸುಮ್ಮನಿರಿ. ಹೆಚ್ಚಿನ ಸಲ ಕಚ್ಚುವುದು ಆ ಕೊನೆಯ ತಿರುವಿನಲ್ಲಿ. ಆಗ ಜಗ್ಗಬೇಡಿ, ಹರಿವೇ ಕೊಕ್ಕೆ ನಾಟಿಸುತ್ತದೆ.

9. ವಿದೇಶಿ ವಿಡಿಯೊ ನೋಡಿ ಸೊಂಟದವರೆಗೆ ನೀರಿಗಿಳಿಯಬೇಡಿ. ಕೃಷ್ಣೆಯಲ್ಲೂ ತುಂಗಭದ್ರೆಯಲ್ಲೂ ಮೊಸಳೆಗಳಿವೆ. ಬಂಡೆಯ ಮೇಲೆ ನಿಂತು, ನೀರಿನಿಂದ ನಾಲ್ಕು ಹೆಜ್ಜೆ ಹಿಂದಿನಿಂದಲೇ ಎಸೆಯಿರಿ. ಕೆರೆಯಾದರೆ ಮೀನಿನ ಗುತ್ತಿಗೆ ಯಾರದೆಂದು ಮೊದಲೇ ಕೇಳಿಕೊಂಡು ಹೋಗಿ.