ಸಹಿಯನ್ನೂ ಓದಿ

ಸೇನೆ ಸೇರುವ ಕನಸಿಟ್ಟುಕೊಂಡು ಎರಡನೇ ಮಹಾಯುದ್ಧದ ಪುಸ್ತಕ, ವಿಡಿಯೊಗಳಲ್ಲಿ ಮುಳುಗಿರುವ ಮಕ್ಕಳೇ, ಎರಿಕ್ ಫಾನ್ ಮಾನ್‌ಸ್ಟೈನ್ ಎಂಬ ಹೆಸರು ಇವತ್ತಲ್ಲ ನಾಳೆ ನಿಮಗೆ ಎದುರಾಗುತ್ತದೆ. ಹಿಟ್ಲರನ ಸೇನಾನಿಗಳಲ್ಲಿ ಅವನಷ್ಟು ಚುರುಕು ಬುದ್ಧಿಯವನು ಇನ್ನೊಬ್ಬನಿರಲಿಲ್ಲ ಎಂದು ಹೊಗಳುವವರು ಈಗಲೂ ಇದ್ದಾರೆ. ಆ ಹೊಗಳಿಕೆಯಲ್ಲಿ ನಿಜವಿದೆ. ನಿಜವಿರುವುದರಿಂದಲೇ ನಿಮಗೆ ಎರಡು ಮಾತು ಹೇಳಬೇಕೆನ್ನಿಸಿತು.

ಹುಟ್ಟಿದ್ದು 1887ರಲ್ಲಿ, ಬರ್ಲಿನ್‌ನಲ್ಲಿ. ಹೆತ್ತ ತಂದೆಯೂ ಜನರಲ್, ಚಿಕ್ಕಮ್ಮನ ಮನೆಗೆ ದತ್ತು ಹೋದ ಮೇಲೆ ಸಿಕ್ಕ ತಂದೆಯೂ ಜನರಲ್. ಮುಂದೆ ಜರ್ಮನಿಯ ಅಧ್ಯಕ್ಷನಾದ ಹಿಂಡೆನ್‌ಬರ್ಗ್ ನೆಂಟ. 1940ರಲ್ಲಿ ಫ್ರಾನ್ಸಿನ ಮೇಲೆ ಬೀಳುವಾಗ ಜರ್ಮನ್ ಸೇನೆಯ ದೊಡ್ಡವರು ಹಳೆಯ ದಾರಿಯಲ್ಲೇ, ಬೆಲ್ಜಿಯಮ್ಮಿನ ಬಯಲಿನಲ್ಲೇ ನುಗ್ಗಲು ಹೊರಟಿದ್ದರು. ಮುಖ್ಯ ಟ್ಯಾಂಕ್ ಬಲವನ್ನು ಆರ್ಡೆನ್ ಕಾಡುಗುಡ್ಡಗಳ ನಡುವೆ ನುಗ್ಗಿಸಿ, ಸೆಡಾನ್ ಬಳಿ ನದಿ ದಾಟಿ, ಸಮುದ್ರದವರೆಗೆ ಸೀಳಿಕೊಂಡು ಹೋಗಬೇಕೆಂದು ಹಟ ಹಿಡಿದವನು ಮಾನ್‌ಸ್ಟೈನ್. ಅವನ ಕಾಟ ತಾಳಲಾರದೆ ಮೇಲಿನವರು ದೂರದ ಹುದ್ದೆಗೆ ವರ್ಗ ಮಾಡಿದರು. ಆದರೂ ಫೆಬ್ರುವರಿ 17ರಂದು ಹಿಟ್ಲರನ ಮುಂದೆ ತನ್ನ ಯೋಜನೆಯನ್ನು ಹೇಳಿಬಿಟ್ಟ. ಮೇ 10ಕ್ಕೆ ದಾಳಿ ಶುರುವಾಯಿತು. ಜೂನ್ 22ಕ್ಕೆ ಫ್ರಾನ್ಸ್ ಕದನವಿರಾಮಕ್ಕೆ ಸಹಿ ಹಾಕಿತ್ತು. 1943ರ ಮಾರ್ಚ್‌ನಲ್ಲಿ, ಸ್ಟಾಲಿನ್‌ಗ್ರಾಡಿನ ಸೋಲಿನ ಬೆನ್ನಿಗೇ, ಖಾರ್ಕೊವ್ ನಗರವನ್ನು ಮರಳಿ ಹಿಡಿದದ್ದೂ ಅವನೇ. ನಕ್ಷೆಯ ಮೇಲಿನ ಬಾಣಗಳನ್ನು ನೋಡುತ್ತ ಬೆರಗಾಗುವುದು ನಿಮ್ಮ ವಯಸ್ಸಿಗೆ ಸಹಜ.

ಈಗ ನಕ್ಷೆ ತೋರಿಸದ ಸಂಗತಿ ಕೇಳಿ. 1941ರ ಸೆಪ್ಟೆಂಬರ್‌ನಲ್ಲಿ ಅವನಿಗೆ ಕ್ರಿಮಿಯಾ ಗೆಲ್ಲಬೇಕಾದ 11ನೇ ಸೇನೆಯ ಮುಖ್ಯಸ್ಥಾನ ಸಿಕ್ಕಿತು. ಅದೇ ಪ್ರದೇಶದಲ್ಲಿ ಓಟೊ ಓಲೆನ್‌ಡಾರ್ಫ್‌ನ ಎಸ್‌ಎಸ್ ಹತ್ಯಾಪಡೆ ಊರೂರು ತಿರುಗಿ ಯಹೂದಿಗಳನ್ನು, ಹೆಂಗಸರು ಮಕ್ಕಳೆನ್ನದೆ, ಗುಂಡಿಕ್ಕಿ ಕೊಲ್ಲುತ್ತಿತ್ತು. ನವೆಂಬರ್ 20ರಂದು ಮಾನ್‌ಸ್ಟೈನ್ ಸಹಿ ಮಾಡಿದ ಆದೇಶವೊಂದು ಅವನ ಪಡೆಗಳಿಗೆ ಹೋಯಿತು. ಯಹೂದಿ-ಬೊಲ್ಷೆವಿಕ್ ವ್ಯವಸ್ಥೆಯನ್ನು ಶಾಶ್ವತವಾಗಿ ಅಳಿಸಿಹಾಕಬೇಕು, ಯಹೂದಿಗಳಿಗೆ ಕೊಡುವ ಕಠೋರ ಶಿಕ್ಷೆ ಏಕೆ ಅಗತ್ಯವೆಂದು ಸೈನಿಕ ಅರ್ಥ ಮಾಡಿಕೊಳ್ಳಬೇಕು ಎಂಬುದು ಅದರ ಸಾರ. ಮುಂದಿನ ತಿಂಗಳು ಸಿಂಫೆರೊಪೋಲ್ ಒಂದರಲ್ಲೇ ಹತ್ತು ಸಾವಿರಕ್ಕೂ ಹೆಚ್ಚು ಯಹೂದಿಗಳನ್ನು ಕೊಂದರು. ಊರಿನಲ್ಲಿ ಅನ್ನಕ್ಕೂ ಮನೆಗೂ ಅಭಾವವಿದೆ, ಈ ಕೆಲಸ ಬೇಗ ಮುಗಿಸಿ ಎಂದು ಸೇನೆಯ ಕಡೆಯಿಂದಲೇ ಒತ್ತಾಯ ಬಂದಿತ್ತೆಂದು ಓಲೆನ್‌ಡಾರ್ಫ್ ಯುದ್ಧ ಮುಗಿದ ಮೇಲೆ ನ್ಯೂರೆಂಬರ್ಗ್‌ನ ಯುದ್ಧಾಪರಾಧ ವಿಚಾರಣೆಯಲ್ಲಿ ಸಾಕ್ಷಿ ಹೇಳಿದ.

ಆ ಆದೇಶದ ಮಾದರಿ ಅವನದಲ್ಲ, ರೈಶೆನೌ ಎಂಬ ಇನ್ನೊಬ್ಬ ಫೀಲ್ಡ್ ಮಾರ್ಷಲ್ ಮೊದಲು ಹೊರಡಿಸಿದ್ದು ಎಂದು ವಾದಿಸುವವರಿದ್ದಾರೆ. ಸ್ಥಳೀಯರನ್ನು ನ್ಯಾಯವಾಗಿ ನಡೆಸಿಕೊಳ್ಳಿ ಎಂಬ ಸಾಲುಗಳೂ ಅದರಲ್ಲಿವೆ ಎನ್ನುತ್ತಾರೆ. ಎರಡೂ ನಿಜ. ನನಗೆ ಅದಕ್ಕಿಂತ ನೋವಾಗುವುದು ಬೇರೊಂದು ಸಂಗತಿಯಿಂದ. 1934ರಲ್ಲಿ ಯಹೂದಿ ಮೂಲದ ಸೈನಿಕರನ್ನು ಸೇವೆಯಿಂದ ತೆಗೆಯಲು ಹೊರಟಾಗ, ದೇಶಕ್ಕಾಗಿ ಸಾಯಲು ಸಿದ್ಧನಾದವನನ್ನು ಹೀಗೆ ಹೊರಹಾಕುವುದು ಸೇನೆಗೆ ಗೌರವವಲ್ಲ ಎಂದು ಬರೆದು ಪ್ರತಿಭಟಿಸಿದವನು ಇದೇ ಮಾನ್‌ಸ್ಟೈನ್. ತನ್ನವರು ಎಂದುಕೊಂಡ ಕೆಲವರಿಗಾಗಿ ಎದ್ದ ದನಿ, ಕ್ರಿಮಿಯಾದ ಅಪರಿಚಿತ ಸಾವಿರಾರು ಜನರಿಗಾಗಿ ಏಳಲಿಲ್ಲ. ಅವನಿಗೆ ಧೈರ್ಯ ಇರಲಿಲ್ಲವೆಂದು ಹೇಳಲಾರೆವು. ಯುದ್ಧತಂತ್ರದ ವಿಷಯದಲ್ಲಿ ಹಿಟ್ಲರನ ಎದುರೇ ನಿಂತು ವಾದಿಸಿದ. 1944ರ ಮಾರ್ಚ್‌ನಲ್ಲಿ ಹುದ್ದೆ ಕಳೆದುಕೊಂಡದ್ದೂ ಆ ಜಗಳಗಳ ಕೊನೆಗೇ. ಹಿಟ್ಲರನನ್ನು ಇಳಿಸಲು ಸಂಚು ಹೂಡಿದ ಅಧಿಕಾರಿಗಳು ಬಂದು ಕೇಳಿದಾಗ ಮಾತ್ರ ಜೊತೆಗೂಡಲು ಒಪ್ಪಲಿಲ್ಲ.

1946ರ ಆಗಸ್ಟ್‌ನಲ್ಲಿ ಅವನು ನ್ಯೂರೆಂಬರ್ಗ್‌ಗೆ ಬಂದದ್ದು ಜರ್ಮನ್ ಸೇನೆಯ ಪರ ಸಾಕ್ಷಿ ಹೇಳಲು. ಅಲ್ಲಿ ಅವನ ಕೈಗೇ ಆ ಆದೇಶವನ್ನಿತ್ತು ಕೇಳಿದರು. ಸಹಿ ತನ್ನದೇ, ಆದರೆ ಅದು ತನಗೆ ನೆನಪೇ ಇಲ್ಲ ಎಂದ.

ಮೂರು ವರ್ಷದ ಮೇಲೆ ಹ್ಯಾಂಬರ್ಗ್‌ನಲ್ಲಿ ಬ್ರಿಟಿಷರು ಅವನ ವಿಚಾರಣೆ ನಡೆಸಿದರು. ಅಷ್ಟರಲ್ಲಿ ಶೀತಲ ಸಮರ ಶುರುವಾಗಿತ್ತು, ಗಾಳಿ ತಿರುಗಿತ್ತು. ಅವನ ಪರ ವಾದಿಸಲು ಬಂದವನು ಬ್ರಿಟನ್ನಿನ ಲೇಬರ್ ಪಕ್ಷದ ಸಂಸದ ರೆಜಿನಾಲ್ಡ್ ಪ್ಯಾಗೆಟ್. ಖರ್ಚಿಗೆ ಎತ್ತಿದ ನಿಧಿಗೆ ಚರ್ಚಿಲ್ಲನೂ 25 ಪೌಂಡ್ ಕೊಟ್ಟ. ಹದಿನೇಳು ಆರೋಪಗಳಲ್ಲಿ ಒಂಬತ್ತು ರುಜುವಾದವು. ಯಹೂದಿಗಳ ಹತ್ಯೆಗೆ ನೇರ ಹೊಣೆಗಾರ ಎಂಬುದು ನಿಲ್ಲಲಿಲ್ಲ. 18 ವರ್ಷದ ಶಿಕ್ಷೆ 12ಕ್ಕೆ ಇಳಿದು, 1953ರಲ್ಲಿ ಬಿಡುಗಡೆಯೂ ಆಯಿತು. 1955ರಲ್ಲಿ ‘ಕಳೆದುಹೋದ ವಿಜಯಗಳು’ ಎಂಬರ್ಥದ ಹೆಸರಿನ ಆತ್ಮಕಥನ ಪ್ರಕಟವಾಯಿತು. ತಪ್ಪೆಲ್ಲ ಹಿಟ್ಲರನದು, ಸೇನಾಪತಿಗಳು ಬರೀ ಯೋಧರು ಎಂಬ ಕಥೆ ಅದರಿಂದ ಲೋಕವೆಲ್ಲ ಹರಡಿತು. ಪಶ್ಚಿಮ ಜರ್ಮನಿಯ ಹೊಸ ಸೇನೆಗೆ ಅವನು ಸಲಹೆಗಾರನಾದ. 1973ರಲ್ಲಿ ಸತ್ತಾಗ ಸೇನಾ ಗೌರವವೂ ಸಿಕ್ಕಿತು. 1995ರಲ್ಲಿ ಹ್ಯಾಂಬರ್ಗ್‌ನಲ್ಲಿ ಆರಂಭವಾಗಿ ಜರ್ಮನಿಯ ಊರೂರಿಗೆ ಹೋದ ಪ್ರದರ್ಶನವೊಂದು ಸೇನೆಯ ಅಪರಾಧಗಳನ್ನು ಜನರ ಕಣ್ಣೆದುರಿಗಿಟ್ಟಾಗ, ಅದನ್ನು ನಂಬಲಾರದೆ ಬೀದಿಗಿಳಿದವರೂ ಇದ್ದರು. ನಲವತ್ತು ವರ್ಷ ಓದಿದ್ದನ್ನು ಒಂದೇ ದಿನದಲ್ಲಿ ಮರೆಯಲಾದೀತೇ?

ಅವನನ್ನು ಓದಲೇಬೇಡಿ ಎಂದು ನಾನು ಹೇಳಲಾರೆ. ಆರ್ಡೆನ್ ಯೋಜನೆಯನ್ನು ಓದಿ. ಯೋಚಿಸುವುದು ಹೇಗೆಂದು ಅದರಿಂದ ಕಲಿಯುವುದಿದೆ. ಆದರೆ ಆತ್ಮಕಥನವೆಂದರೆ ಆರೋಪಿ ತಾನೇ ಬರೆದುಕೊಂಡ ತೀರ್ಪು ಎಂಬುದು ಲಕ್ಷ್ಯದಲ್ಲಿರಲಿ. ನ್ಯೂರೆಂಬರ್ಗ್ ವಿಚಾರಣೆಯ ದಾಖಲೆಗಳು ಅಚ್ಚಾಗಿವೆ, ಅಂತರ್ಜಾಲದಲ್ಲೂ ಸಿಗುತ್ತವೆ. ಮೊದಲು ಅಲ್ಲಿ ಮಾನ್‌ಸ್ಟೈನ್ ಕೊಟ್ಟ ಸಾಕ್ಷ್ಯವನ್ನೂ ನವೆಂಬರ್ 20ರ ಆ ಆದೇಶವನ್ನೂ ಪೂರ್ತಿ ಓದಿ, ಆಮೇಲೆ ಅವನ ಪುಸ್ತಕದ ಕ್ರಿಮಿಯಾ ಅಧ್ಯಾಯಕ್ಕೆ ಬನ್ನಿ.