ಪೋಡಿನ ಕೋಳಿಗಳೂ ಕೊಕ್ಕರೆ ರೋಗವೂ: ಸೋಲಿಗ ತರುಣರಿಗೆ ಒಂದು ಮಾತು

ಬಿಳಿಗಿರಿರಂಗನ ಬೆಟ್ಟದ ಪೋಡುಗಳಲ್ಲಿ ರಾಗಿ ಹೊಲದ ಅಂಚಿನಲ್ಲಿಯೂ ಕಾಫಿ ಗಿಡಗಳ ನೆರಳಿನಲ್ಲಿಯೂ ಕೆದಕಿ ಮೇಯ್ದು ಬೆಳೆದ ನಾಟಿ ಕೋಳಿಗಳು, ಬೇಸಗೆ ಕಳೆಯುವ ಮುನ್ನವೇ ರೆಕ್ಕೆ ಜೋತು, ಹಸುರು ಬೆರೆತ ಬಿಳಿಯ ಭೇದಿಯಿಂದ ಬಳಲಿ, ಕತ್ತು ತಿರುಚಿಕೊಂಡು ಸಾಯುತ್ತಿವೆಯೆಂಬ ದೂರು ಪುನಃ ಬಂದಿದೆ. ಈ ಕೊಕ್ಕರೆ ರೋಗವು ತಗುಲಿದ ಮೇಲೆ ಔಷಧವಿಲ್ಲ; ಮುಂಚಿತವಾಗಿ ಹಾಕಿದ ಲಸಿಕೆಯೊಂದೇ ಗತಿ.

ಮರಿಗೆ 5ರಿಂದ 7 ದಿನವಾದಾಗ ಲಸೋಟಾ ಲಸಿಕೆಯನ್ನು ಕಣ್ಣಿಗೆ ಒಂದೇ ತೊಟ್ಟು ಬಿಡತಕ್ಕದ್ದು. 28ನೆಯ ದಿನ ಅದನ್ನೇ ಮತ್ತೊಮ್ಮೆ. 8 ವಾರ ತುಂಬಿದ ತರುವಾಯ, 100 ಕೋಳಿಗಾಗುವ ಆರ್-2-ಬಿ ಲಸಿಕೆಯ ಸೀಸೆಯನ್ನು 50 ಮಿಲಿ ತಣ್ಣನೆಯ ಲವಣದ್ರಾವಣದಲ್ಲಿ ಕರಗಿಸಿ, ಒಂದೊಂದಕ್ಕೆ ಅರ್ಧ ಮಿಲಿಯಂತೆ ರೆಕ್ಕೆಯಡಿಯ ಚರ್ಮದ ಕೆಳಕ್ಕೆ ಚುಚ್ಚಬೇಕು. ಎಳೆಯ ಮರಿಗೆ ಇದನ್ನು ಚುಚ್ಚಿದರೆ ಲಸಿಕೆಯೇ ಮರಿಯನ್ನು ಕೊಂದೀತು.

ಇಷ್ಟನ್ನೂ ಬಲ್ಲವರೇ ಮಾಡುತ್ತಿರುವ ತಪ್ಪೊಂದುಂಟು. ಮನೆಗೆ ಹತ್ತು ಹದಿನೈದು ಕೋಳಿಗಳಿರುವಲ್ಲಿ 100 ಕೋಳಿಯ ಸೀಸೆಯನ್ನೊಡೆದು, ಮಿಕ್ಕುದನ್ನು ಗೂಡಿನಲ್ಲಿಟ್ಟು, ಮರುದಿನ ನೆರೆಮನೆಯವರಿಗೆ ಕೊಡುತ್ತಾರೆ! ಕರಗಿಸಿದ ಲಸಿಕೆ 2 ಗಂಟೆಯೊಳಗೆ ಮುಗಿಯಬೇಕು. ಒಡೆಯದ ಸೀಸೆಯೂ 2ರಿಂದ 8 ಡಿಗ್ರಿ ಶೈತ್ಯದಲ್ಲಿಯೇ ಬರಬೇಕು. ಅಂಗಿಯ ಜೇಬಿನಲ್ಲಿ ಬೆಟ್ಟ ಹತ್ತಿ ಬಂದ ಸೀಸೆ ಬರಿಯ ನೀರು. ಎಷ್ಟು ಸಲ ಹೇಳಿದರೂ ಈ ಉಪೇಕ್ಷೆ ನಿಂತಿಲ್ಲ. ಇದನ್ನು ಸಹಿಸಲು ಸಾಧ್ಯವಿಲ್ಲ.

ಪೋಡಿಗೆ ಬೇಕಾದುದು ಸೂಜಿ ಹಿಡಿಯಬಲ್ಲ ಇಬ್ಬರು ತರುಣರು, ಇಲ್ಲವೆ ತರುಣಿಯರು. ಅವರು ಹಿಂದಿನ ಸಂಜೆಯೇ ಮನೆಮನೆಯ ಎಣಿಕೆ ಬರೆದು, ನಸುಕಿನಲ್ಲಿ ಕೋಳಿಗಳನ್ನು ಮಂಕರಿಯಿಂದ ಬಿಡುವ ಮುನ್ನ, ಮಂಜುಗಡ್ಡೆಯ ಡಬ್ಬವನ್ನು ಹಿಡಿದು ಪೋಡಿನುದ್ದಕ್ಕೂ ಸಾಗಿದರೆ, ಒಂದೇ ಸೀಸೆಯಲ್ಲಿ ಎಲ್ಲರ ಕೆಲಸವೂ ತೀರುತ್ತದೆ. ಜಂತುವಿನ ಔಷಧವನ್ನು ಒಂದು ವಾರ ಮೊದಲೇ ಕುಡಿಸಿರಬೇಕು. ತೂಕಡಿಸುವ ಕೋಳಿಗೆ ಲಸಿಕೆ ಚುಚ್ಚದೆ ಬೇರ್ಪಡಿಸಿ; ಸತ್ತುದನ್ನು ಹಳ್ಳಕ್ಕೆಸೆಯದೆ ಸುಣ್ಣ ಹಾಕಿ ಆಳವಾಗಿ ಹೂಳಿ.

ಮುಂದಿನ ಬೇಸಗೆಯನ್ನು ಕಾಯಬೇಡಿ. ಎಣಿಕೆಯ ಚೀಟಿಯೊಡನೆ ಸಮೀಪದ ಪಶುಚಿಕಿತ್ಸಾಲಯಕ್ಕೆ ಬನ್ನಿ. ಸೂಜಿ ಹಿಡಿಯುವ ಬಗೆಯನ್ನು ನಿಮ್ಮ ಕೈಯಿಂದಲೇ ಮಾಡಿಸಿ ಕಲಿಸುತ್ತೇವೆ.